ಮೀನು ತಿನ್ನದ ನಮ್ಮಪ್ಪ ಮೀನು ಹಿಡಿಯುವ ಸರಣಿಯ ಗಾಳಕ್ಕೆ ಬಿದ್ದಿದ್ದಾರೆ. ನೀವು ಯಾರಾದರೂ ನೋಡುತ್ತೀರಾ?

ಸಾಧನಕೇರಿ_ಸಂಜೆ (ಧಾರವಾಡ)

ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬರುವುದಿಲ್ಲ. ಅಂಥ ಮನೆಯಲ್ಲಿ ಎರಡು ತಿಂಗಳಿಂದ ದಿನಾ ರಾತ್ರಿ ಮೀನು ಹಿಡಿಯುತ್ತಿದ್ದೇವೆ. ಟಿವಿಯಲ್ಲಿ, ಗಾಬರಿಯಾಗಬೇಡಿ.

ಅಪ್ಪನಿಗೆ 67. ದೀಪಾವಳಿಗೆ ಹದಿನೈದು ದಿನ ಇರುವಾಗ ಎದೆ ಹಿಡಿದುಕೊಂಡಿತು. ಎರಡು ಸ್ಟೆಂಟ್ ಹಾಕಿ ಮನೆಗೆ ಕಳಿಸಿದರು. ಮನೆಗೆ ಬಂದರೂ ಅಪ್ಪ ಇನ್ನೂ ಆಸ್ಪತ್ರೆಯಲ್ಲೇ ಇದ್ದ ಹಾಗಿತ್ತು. ದಿನಾ ಅರ್ಧ ಗಂಟೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಇವರು ಗೇಟಿನ ತನಕ ಹೋಗಿ, ಹಾಲಿನವನು ಬಂದನಾ ಎಂದು ನೋಡಿ, ವಾಪಸ್ ಬಂದು ಕೂರುತ್ತಿದ್ದರು. ನೋಡಲು ಬಂದವರು "ಹೆಂಗದೀರಿ" ಎನ್ನುವುದು, ಇವರು "ಆರಾಮ" ಎನ್ನುವುದು, ಚಹಾ ಕುಡಿದು ಅವರು ಎದ್ದು ಹೋಗುವುದು. ಹೈಸ್ಕೂಲಿನಿಂದ ಜೊತೆಗಿರುವ ಗೆಳೆಯ, ನಮಗೆಲ್ಲ ಮಾಸ್ತರ ಕಾಕಾ, ಬಂದರೂ ಅಷ್ಟೇ. ಐವತ್ತು ವರ್ಷದ ಸ್ನೇಹ ಇದ್ದವರು ಇಬ್ಬರೂ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂರುತ್ತಿದ್ದರು.

ಒಂದು ರಾತ್ರಿ ನಾನು ಯೂಟ್ಯೂಬಿನಲ್ಲಿ ಏನೋ ಹುಡುಕುವಾಗ ಬಿಬಿಸಿಯ ಒಂದು ತುಣುಕು ಬಂತು. 'ಮಾರ್ಟಿಮರ್ ಅಂಡ್ ವೈಟ್‌ಹೌಸ್: ಗಾನ್ ಫಿಶಿಂಗ್' ಅಂತ. 2018ರಿಂದ ಬರುತ್ತಿರುವ ಸರಣಿ. ಬಾಬ್ ಮಾರ್ಟಿಮರ್, ಪಾಲ್ ವೈಟ್‌ಹೌಸ್ ಅಂತ ಇಬ್ಬರು ಹಾಸ್ಯಗಾರರು, ಇಬ್ಬರೂ ಅರವತ್ತು ದಾಟಿದವರು. ಬಾಬ್‌ಗೆ 2015ರಲ್ಲಿ ಬೈಪಾಸ್ ಆಗಿತ್ತು. ಪಾಲ್‌ಗೆ ಸ್ಟೆಂಟ್ ಹಾಕಿದ್ದರು. ಬಾಬ್ ಮನೆ ಬಿಟ್ಟು ಹೊರಗೆ ಬರುತ್ತಿಲ್ಲ ಎಂದು ಪಾಲ್ ಅವನನ್ನು ಎಬ್ಬಿಸಿಕೊಂಡು ಮೀನು ಹಿಡಿಯಲು ಹೊರಟ. ಅಲ್ಲಿಂದ ಹುಟ್ಟಿದ ಸರಣಿ. ಅರ್ಧ ಗಂಟೆ ಒಂದು ಕಂತು. ಹೊಳೆ ದಂಡೆಯಲ್ಲಿ ಕೂರುತ್ತಾರೆ, ಗಾಳ ಹಾಕುತ್ತಾರೆ, ಏನೇನೋ ಮಾತಾಡುತ್ತಾರೆ, ಮೀನು ಸಿಕ್ಕರೆ ಮುದ್ದು ಮಾಡಿ ನೀರಿಗೆ ಬಿಡುತ್ತಾರೆ. ಮುಗಿಯಿತು.

ಅಪ್ಪ ಓದಿದ್ದು ಕನ್ನಡ ಶಾಲೆ. ಬಾಬ್, ಪಾಲ್ ಇಬ್ಬರ ಇಂಗ್ಲಿಷ್ ಉಚ್ಚಾರ ನನಗೇ ಅರ್ಧ ತಿಳಿಯುವುದಿಲ್ಲ, ಅಪ್ಪನಿಗೆ ಎಲ್ಲಿ ತಿಳಿಯಬೇಕು? ಬೇಜಾರಾಗಿ ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಬಾಬ್ ದಂಡೆ ಹತ್ತುವಾಗ ಕಾಲು ಜಾರಿ ದೊಪ್ಪನೆ ಬಿದ್ದ. ಅವನು ಆಗಾಗ ಬೀಳುತ್ತಾನೆ, ಅದೂ ಪೂರ್ತಿ ಮನಸ್ಸಿಟ್ಟು ಬೀಳುತ್ತಾನೆ. ಅಪ್ಪ ನಕ್ಕರು. ಆಸ್ಪತ್ರೆಯಿಂದ ಬಂದಮೇಲೆ ಅದೇ ಮೊದಲು.

ನಾಲ್ಕನೇ ದಿನಕ್ಕೆ ಅಪ್ಪ ರಿಮೋಟ್ ತೆಗೆದುಕೊಂಡು ಧ್ವನಿ ಪೂರ್ತಿ ಇಳಿಸಿದರು. ಆಮೇಲೆ ತಾವೇ ಇಬ್ಬರ ಪರವಾಗಿ ಮಾತಾಡಲು ಶುರು ಮಾಡಿದರು. ಬಾಬ್ ಈಗ ನಮ್ಮ ಮನೆಯಲ್ಲಿ ಬಾಬಣ್ಣ. ಪಾಲ್ ಆಗಿದ್ದಾನೆ ಪಾಲಪ್ಪ. "ಏ ಬಾಬಣ್ಣ, ಒಂದ್ ಗಳಿಗಿ ಬಾಯಿ ಮುಚ್ಚೋ, ಮೀನು ಬಂದೈತಿ." "ಬರಲಿ ಬಿಡೋ ಪಾಲಪ್ಪ, ಅದಕ್ಕೇನ್ ಬಸ್ ಹಿಡಿಯೂದೈತೇನು?" ಮಾಸ್ತರ ಕಾಕಾ ಬಂದ ದಿನ ಪಾಲಪ್ಪನ ಪಾತ್ರ ಅವರಿಗೆ. ಅಮ್ಮ ಒಳಗೆ ಪಾತ್ರೆ ತೊಳೆಯುತ್ತಾ ಒಬ್ಬರೇ ನಗುತ್ತಿರುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಏನೂ ನಡೆಯದ ಈ ಸರಣಿಯಲ್ಲಿ ಏನಿದೆ? ಮೀನು ಮುಟ್ಟದವರನ್ನು, ಭಾಷೆ ತಿಳಿಯದವರನ್ನು ಹಿಡಿದು ಕೂರಿಸುವಂಥದ್ದು?

ಮಿರ್ಚಿ_ಭಜಿ (ಹುಬ್ಬಳ್ಳಿ)

ಹೃದಯದ ವಿಷಯ ನಡೀತಿದೆ, ನಾನು ಈ ಹೆಸರು ಇಟ್ಟುಕೊಂಡು ಇಲ್ಲಿ ಕೂರಬಹುದಾ?

ಗೋಕುಲ_ರೋಡ್_ಅಕ್ಕ (ಹುಬ್ಬಳ್ಳಿ)

ಕೂತ್ಕೋ ತಮ್ಮಾ, ತಿನ್ನಬೇಡ ಅಷ್ಟೇ.

ನಾನು ಈ ಸರಣಿಯ ಹಳೇ ಅಭಿಮಾನಿ. ಮಗಳು ಇಂಗ್ಲೆಂಡಿನಲ್ಲಿ ಇದ್ದಾಗ ಮೂರು ತಿಂಗಳು ಅವಳ ಮನೆಯಲ್ಲಿದ್ದೆ. ಹೊರಗೆ ಮಳೆ, ಒಳಗೆ ಮೊಮ್ಮಗು ಮಲಗಿರುತ್ತಿತ್ತು, ಟಿವಿ ಸಣ್ಣ ಧ್ವನಿಯಲ್ಲಿ ಹಾಕಬೇಕು. ಅದಕ್ಕೆ ಇದಕ್ಕಿಂತ ಒಳ್ಳೆಯ ಕಾರ್ಯಕ್ರಮ ಸಿಗುವುದಿಲ್ಲ.

ಸಂಜೆಯವರೇ, ನೀವು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಅಲ್ಲಿ ಮೀನು ಹಿಡಿಯಲು ನಿಜವಾಗಿ ಬರುವುದು ಪಾಲ್‌ಗೆ. ಅವನಿಗೆ ಅಪ್ಪ ಕಲಿಸಿದ್ದು. ಬಾಬ್‌ಗೆ ಹುಡುಗನಾಗಿದ್ದಾಗ ಮಾಡಿದ ನೆನಪಷ್ಟೇ. ಅದಕ್ಕೆ ಕೆಲಸ ಹಂಚಿಕೊಂಡಿದ್ದಾರೆ. ಹೊಳೆ, ಗಾಳ, ಮೀನು ಪಾಲ್‌ದು. ಉಳಿಯುವ ಜಾಗ ಮತ್ತು ಅಡುಗೆ ಬಾಬ್‌ದು. ಅಡುಗೆ ಎಂದರೆ ಹೃದಯಕ್ಕೆ ಒಗ್ಗುವ ಅಡುಗೆ. ಉಳಿಯುವ ಜಾಗ ಎಂದರೆ ಪ್ರತಿ ಸಲ ಒಂದು ವಿಚಿತ್ರ.

ಬಾಬ್‌ಗೆ ಏಳು ವರ್ಷ ಇದ್ದಾಗ ಅವನ ಅಪ್ಪ ಕಾರು ಅಪಘಾತದಲ್ಲಿ ತೀರಿಕೊಂಡರು. ಬೇರೆ ಕಾರ್ಯಕ್ರಮದಲ್ಲಾದರೆ ಈ ಮಾತಿಗೆ ಪಿಟೀಲು ಬಾರಿಸಿ, ಮುಖದ ಹತ್ತಿರ ಕ್ಯಾಮೆರಾ ಒಯ್ದು, ನಮ್ಮ ಕಣ್ಣಲ್ಲೂ ನೀರು ಬರಿಸಿಯೇ ಬಿಡುತ್ತಿದ್ದರು. ಇಲ್ಲಿ ಇಬ್ಬರೂ ನೀರನ್ನೇ ನೋಡುತ್ತಾ ಮಾತಾಡುತ್ತಾರೆ. ಎರಡು ಮಾತು ಆದಮೇಲೆ ಒಬ್ಬ ಇನ್ನೊಬ್ಬನ ಟೋಪಿ ಬಗ್ಗೆ ಏನೋ ಹೇಳುತ್ತಾನೆ. ನನಗೆ ಹಿಡಿಸಿದ್ದು ಅದೇ. ಸಾವಿನ ಮಾತಿಗೂ ಟೋಪಿಯ ಮಾತಿಗೂ ಒಂದೇ ಧ್ವನಿ.

ಆಮೇಲಿನ ಕಂತುಗಳಲ್ಲಿ ಟೆಡ್ ಎಂಬ ನಾಯಿ ಬರುತ್ತದೆ. ಅಪ್ಪನವರು ಅಲ್ಲಿಗೆ ಬಂದರಾ?

ಸಾಧನಕೇರಿ_ಸಂಜೆ

ಬಂದರು ಅಕ್ಕಾ. ನಾಯಿಗೂ ಮಾತು ಕೊಟ್ಟಿದ್ದಾರೆ. ಅದು ಬರೀ ಬೈಗುಳ ಆಡುತ್ತದೆ, ಇಲ್ಲಿ ಬರೆಯುವ ಹಾಗಿಲ್ಲ.

ಅಡುಗೆಯ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಅಮ್ಮನಿಗೆ ಬಾಬಣ್ಣನ ಮೇಲೆ ಸಿಟ್ಟಿದೆ. "ಎಣ್ಣಿ ಇಲ್ಲದ ಅಡಗಿ ಅಂವ ಮಾಡಿದ್ರ ಭಾರೀ ಚಲೋ ಅಂತೀರಿ, ನಾ ಮಾಡಿದ್ರ ಮಾರಿ ಸಿಂಡರಿಸ್ತೀರಿ" ಎಂದು. ಅಪ್ಪನ ಹತ್ತಿರ ಇದಕ್ಕೆ ಉತ್ತರ ಇಲ್ಲ.

ಗದಗಿನ_ಗೊಣಗ (ಗದಗ)

ಎಲ್ಲರೂ ಹೊಗಳುತ್ತಿದ್ದೀರಿ ಎಂದು ಎರಡು ಕಂತು ನೋಡಿದೆ. ಮೊದಲನೆಯದರಲ್ಲಿ ನಿದ್ದೆ ಬಂತು. ಎರಡನೆಯದರಲ್ಲಿ ಬೇಗ ನಿದ್ದೆ ಬಂತು.

ನಿಜ ಹೇಳಲಾ? ಹಣ, ಹೆಸರು ಇರುವ ಇಬ್ಬರು ದೊಡ್ಡ ಮನುಷ್ಯರು ತೊಳೆದಿಟ್ಟ ಹಾಗಿರುವ ಹೊಳೆ ಮುಂದೆ ಕೂತಿದ್ದಾರೆ. ಹಿಂದೆ ಕ್ಯಾಮೆರಾದವರು, ಪಕ್ಕದಲ್ಲಿ ಮೀನಿನ ವಿಷಯ ಬಲ್ಲವರು. ಅಂಥ ಕಡೆ ಯಾರಿಗೆ ನೆಮ್ಮದಿ ಸಿಗುವುದಿಲ್ಲ? ನಾನು ಪ್ರೆಸ್ಸಿನಲ್ಲಿ ದಿನಕ್ಕೆ ಹತ್ತು ಗಂಟೆ ಮಷೀನಿನ ಸದ್ದು ಕೇಳುವವನು. ನನ್ನನ್ನೂ ಅಲ್ಲಿ ಕೂರಿಸಿ, ನಾನೂ ಟೋಪಿ ಬಗ್ಗೆ ತಮಾಷೆ ಮಾಡುತ್ತೇನೆ.

ಸುಮ್ನೆ ಕೂತು ನೋಡಬೇಕು ಎಂದರೆ ನಮಗೆ ಮಾಗಡಿ ಕೆರೆ ಇದೆ. ಶಿರಹಟ್ಟಿ ತಾಲೂಕಿನದು, 2024ರಲ್ಲಿ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಕೆರೆ, ಜೌಗುಗಳ ಪಟ್ಟಿಗೂ ಸೇರಿತು. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತು ಹಿಮಾಲಯ ದಾಟಿ ಬಂದಿರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯ್ದು ಬಂದು ನೀರಲ್ಲಿ ಸುಮ್ಮನೆ ತೇಲುತ್ತವೆ. ಬೆಳಿಗ್ಗೆ ಆರೂವರೆಗೆ ಹೋದರೆ ಕೆರೆ ಮೇಲೆ ಮಂಜು, ಮೊದಲು ಕೂಗು ಕೇಳಿಸುತ್ತದೆ, ಆಮೇಲೆ ಹಕ್ಕಿ ಕಾಣಿಸುತ್ತದೆ. ಟಿವಿ ಯಾಕೆ ಬೇಕು?

ಮಿರ್ಚಿ_ಭಜಿ

ಗೊಣಗಣ್ಣಾ, ಬೇಜಾರಾಯಿತು ಎಂದು ಹೇಳಿ ನೀವೇ ಅರ್ಧ ಕಂತು ಬರೆದುಬಿಟ್ಟಿರಿ.

ಹೆಗ್ಗೇರಿ_ಹವಾ (ಹಾವೇರಿ)

ನಾನು ಮದುವೆ ವಿಡಿಯೋ ಮಾಡುವವನು. ಕೆಲಸದ ಕಣ್ಣಿನಿಂದ ಒಂದು ಮಾತು.

ಇದು ಏನೂ ನಡೆಯದ ಸರಣಿ ಎನ್ನುವುದು ತಪ್ಪು. ಇವರು ದಿನಗಟ್ಟಲೆ ದಂಡೆಯಲ್ಲಿ ಕೂರುತ್ತಾರೆ, ನಮಗೆ ತೋರಿಸುವುದು ಅರ್ಧ ಗಂಟೆ. ಅಂದರೆ ಬಹುಪಾಲು ಕತ್ತರಿಸಿ ಬಿಸಾಡಿದ್ದಾರೆ. ಆದರೂ ನೋಡುವವನಿಗೆ 'ಎಷ್ಟು ಹೊತ್ತು ಕಾದರಪ್ಪಾ' ಎನ್ನಿಸುತ್ತದೆ. ಇದು ಕಷ್ಟದ ಕೆಲಸ. ನಾನು ಮದುವೆಯಲ್ಲಿ ತಾಳಿ ಕಟ್ಟುವ ಮುಂಚಿನ ಕಾಯುವಿಕೆ ತೋರಿಸಲು ಹೋದರೆ ಹುಡುಗಿಯ ಮಾವ ಫೋನ್ ಮಾಡಿ 'ಇದನ್ನೆಲ್ಲ ಯಾಕೆ ಬಿಟ್ಟಿದ್ದೀ, ಹಾಡು ಹಾಕು' ಎನ್ನುತ್ತಾರೆ.

ಅವರು ಏನು ಮಾಡುತ್ತಾರೆ ಎಂದರೆ, ಮಾತು ಮುಗಿದ ತಕ್ಷಣ ಕತ್ತರಿಸುವುದಿಲ್ಲ. ಒಬ್ಬ ಏನೋ ಹೇಳಿದ, ಇನ್ನೊಬ್ಬ ಹೂಂ ಎಂದ. ಆಮೇಲೂ ಸ್ವಲ್ಪ ಹೊತ್ತು ಕ್ಯಾಮೆರಾ ಅಲ್ಲೇ ಇರುತ್ತದೆ. ನೀರಿನ ಸದ್ದು, ಎಲ್ಲೋ ಒಂದು ಹಕ್ಕಿ. ಆ ಬಿಟ್ಟ ಜಾಗದಲ್ಲಿ ನೋಡುವವನು ತನ್ನದೇನೋ ತುಂಬಿಕೊಳ್ಳುತ್ತಾನೆ. ಸಂಜೆಯವರ ಅಪ್ಪ ಮಾತು ತುಂಬಿದ್ದು ಅಲ್ಲೇ ಅಲ್ವಾ? ಬಿಗಿಯಾಗಿ ಕತ್ತರಿಸಿದ ಕಾರ್ಯಕ್ರಮಕ್ಕೆ ಹೀಗೆ ಮಾತು ಸೇರಿಸಲು ಆಗುವುದೇ ಇಲ್ಲ, ನಡುವೆ ಉಸಿರು ಬಿಡಲು ಜಾಗ ಇರುವುದಿಲ್ಲ.

ಹೊಳೆದಂಡಿ (ಹಾವೇರಿ ಜಿಲ್ಲೆ, ಸದ್ಯ ಹುಬ್ಬಳ್ಳಿ)

ಎಲ್ಲ ಓದಿದೆ. ಸ್ವಲ್ಪ ಖಾರವಾಗಿ ಬರೆಯುತ್ತೇನೆ, ತಪ್ಪು ತಿಳಿಯಬೇಡಿ. ನಮ್ಮದು ತುಂಗಭದ್ರೆಯ ದಂಡೆಯ ಊರು, ಚೌಡಯ್ಯದಾನಪುರದ ಹತ್ತಿರ. ಅಂಬಿಗರ ಚೌಡಯ್ಯನ ಕಡೆಯವರು ನಾವು, ಬಾಯಿ ಸ್ವಲ್ಪ ಜೋರು.

ನಮ್ಮ ಅಜ್ಜ ಹರಿಗೋಲು ಹಾಕುತ್ತಿದ್ದ. ಅಪ್ಪ ಬಲೆ ಹಾಕಿದ. ನಾನು ಹುಬ್ಬಳ್ಳಿಯಲ್ಲಿ ವೈರಿಂಗ್ ಕೆಲಸ ಮಾಡುತ್ತೇನೆ. ಅಪ್ಪ ಮಳೆ, ಚಳಿ ಎನ್ನದೆ ಎದೆಮಟ್ಟ ನೀರಲ್ಲಿ ನಿಂತು ಹಿಡಿದ ಮೀನು ಮಾರಿ ನನ್ನ ಐಟಿಐ ಫೀ ಕಟ್ಟಿದ. ನನ್ನ ರೂಮ್‌ಮೇಟ್ ಈ ಸರಣಿ ತೋರಿಸಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ಕಷ್ಟಪಟ್ಟು ಹಿಡಿದ ಮೀನನ್ನು ಫೋಟೋ ತೆಗೆದು ಬಿಟ್ಟುಬಿಡುತ್ತಾರಾ? ಹಾಗಾದರೆ ಹಿಡಿದದ್ದು ಯಾಕೆ? ಹೊಟ್ಟೆಗೆ ಹಿಡಿದರೆ ಒಂದು ಅರ್ಥ ಇದೆ. ಮುಳ್ಳು ಚುಚ್ಚಿ, ಎಳೆದು, ಮುತ್ತು ಕೊಟ್ಟು, ವಾಪಸ್ ಬಿಡುವುದು ಮೀನಿಗೆ ಯಾವ ನ್ಯಾಯ?

ಊರಿಗೆ ಹೋದಾಗ ಅಪ್ಪನಿಗೂ ಫೋನಿನಲ್ಲಿ ತೋರಿಸಿದೆ. ಬೈಯಲಿ ಎಂದೇ ತೋರಿಸಿದ್ದು. ವೈ ಎಂಬ ಹೊಳೆ, ಬಾರ್ಬೆಲ್ ಎಂಬ ಮೀನು. ಬಾಯಿಯ ಹತ್ತಿರ ಮೀಸೆ ಇರುತ್ತದೆ, ತಳದಲ್ಲಿ ಮೇಯುತ್ತದೆ, ಭಾರೀ ಜಗ್ಗುತ್ತದೆ. ಅಪ್ಪ ನೋಡಿದವನೇ "ಇದು ನಮ್ಮ ಮೀಸಿ ಮೀನಿನ ಸಂಬಂಧಿಕ ಇದ್ದಂಗೈತಲೋ" ಎಂದ. ಬಲೆಯೊಳಗೆ ಬಂದ ಮೀನನ್ನು ಪಾಲ್ ಮೇಲೆತ್ತಲಿಲ್ಲ. ಕೈ ಒದ್ದೆ ಮಾಡಿಕೊಂಡು, ನೀರಲ್ಲೇ ಹಿಡಿದುಕೊಂಡು, ತಲೆ ಹರಿವಿನ ಕಡೆ ತಿರುಗಿಸಿ ಸುಮ್ಮನೆ ನಿಂತ. ಅದು ಸುಧಾರಿಸಿಕೊಂಡು ತಾನೇ ಬಾಲ ಬೀಸಿ ಹೋಗುವ ತನಕ ನಿಂತ. ಬಾರ್ಬೆಲ್ ಜಗ್ಗಾಡಿ ತೀರಾ ಸುಸ್ತಾಗಿರುತ್ತದೆ, ಹಾಗೇ ಬಿಟ್ಟರೆ ಹೊಟ್ಟೆ ಮೇಲಾಗಿ ತೇಲಿ ಸಾಯಬಹುದು.

ಅಪ್ಪ ಅದನ್ನು ಮೂರು ಸಲ ಹಿಂದೆ ಹಾಕಿ ನೋಡಿದ. ಆಮೇಲೆ ಹೇಳಿದ, "ಮೀನಿನ ಮೈಮ್ಯಾಲಿನ ಲೋಳಿ ಹೋಗಬಾರದಂತ ಕೈ ತೋಯಿಸ್ಕೊಂಡಾನ. ಅಂವಗ ಗೊತ್ತೈತಿ." ಇಷ್ಟೇ. ನಮ್ಮಪ್ಪನ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ನನ್ನ ಫೀಸಿಗೂ ಸಿಕ್ಕಿಲ್ಲ, ನನ್ನ ಮೊದಲ ಸಂಬಳಕ್ಕೂ ಸಿಕ್ಕಿಲ್ಲ.

ನನ್ನ ಪ್ರಶ್ನೆ ಹಾಗೇ ಇದೆ. ಹಿಡಿದು ಬಿಡುವುದು ನನಗೆ ಈಗಲೂ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಸಿಟ್ಟು ಇಳಿದಿದೆ.

ಗೋಕುಲ_ರೋಡ್_ಅಕ್ಕ

ಹೊಳೆದಂಡಿ ತಮ್ಮಾ, ನಿನ್ನ ಪ್ರಶ್ನೆ ಅಲ್ಲಿಯವರೂ ಕೇಳುತ್ತಾರೆ. ಅಲ್ಲಿ ಸುಮ್ಮನೆ ಹೋಗಿ ಗಾಳ ಹಾಕುವ ಹಾಗಿಲ್ಲ. ಹದಿಮೂರು ವರ್ಷ ಆದವರೆಲ್ಲ ಲೈಸೆನ್ಸ್ ತೆಗೆದುಕೊಳ್ಳಬೇಕು. ಇಂಗ್ಲೆಂಡಿನ ಹೊಳೆಗಳಲ್ಲಿ ಬಾರ್ಬೆಲ್ ಥರದ ಮೀನಿಗೆ ಮಾರ್ಚ್ 15ರಿಂದ ಜೂನ್ 15ರವರೆಗೆ ಗಾಳ ಹಾಕುವುದೇ ಬಂದ್. ಮೊಟ್ಟೆ ಇಡುವ ಕಾಲ. ಜೂನ್ 16 ಅವರಿಗೆ ಹಬ್ಬ ಇದ್ದ ಹಾಗೆ, ರಾತ್ರಿ ಹನ್ನೆರಡಕ್ಕೇ ದಂಡೆಯಲ್ಲಿ ಕೂತಿರುವವರೂ ಇದ್ದಾರೆ.

ಗೊಣಗಣ್ಣ 'ತೊಳೆದಿಟ್ಟ ಹೊಳೆ' ಎಂದಿರಲ್ಲ, ಅದು ಅಷ್ಟು ನಿಜ ಅಲ್ಲ. 2023ರಲ್ಲಿ ಇದೇ ಪಾಲ್ ವೈಟ್‌ಹೌಸ್ ಬಿಬಿಸಿಗೆ ಬೇರೆ ಒಂದು ಸಾಕ್ಷ್ಯಚಿತ್ರ ಮಾಡಿದ. ಅವರ ಹೊಳೆಗಳಿಗೆ ಚರಂಡಿ ನೀರು ಹೇಗೆ ಸೇರುತ್ತಿದೆ, ವೈ ನದಿಯ ಸುತ್ತಲಿನ ಕೋಳಿ ಫಾರಂಗಳ ಗೊಬ್ಬರದಿಂದ ನೀರು ಹೇಗೆ ಪಾಚಿಗಟ್ಟುತ್ತಿದೆ ಎಂದು. ಹೊಳೆದಂಡಿಯ ಅಪ್ಪ ನೋಡಿದ ಅದೇ ವೈ. ಅದನ್ನು ನೋಡಿದಮೇಲೆ ನನಗೆ ನಮ್ಮ ಉಣಕಲ್ ಕೆರೆಯ ಅಂತರಗಂಗೆ ನೆನಪಾಯಿತು. ದೂರದ ಹೊಳೆಯೆಲ್ಲ ನುಣ್ಣಗೆ ಕಾಣುತ್ತದೆ, ಬೆಟ್ಟದ ಹಾಗೆ.

ಗದಗಿನ_ಗೊಣಗ

ಸರಿ ಅಕ್ಕಾ, ಹೊಳೆಯ ಮಾತು ವಾಪಸ್ ತೆಗೆದುಕೊಂಡೆ. ನಿದ್ದೆಯ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ.

ರಾತ್ರಿ_ಪಾಳಿ (ಹುಬ್ಬಳ್ಳಿ)

ನಾನು ಹೃದ್ರೋಗದ ವಾರ್ಡಿನಲ್ಲಿ ನರ್ಸ್, ಹನ್ನೊಂದು ವರ್ಷದಿಂದ. ಸಂಜೆಯವರೇ, ನಿಮ್ಮ ಅಪ್ಪನವರ ಹಾಗೆ ಇರುವವರನ್ನು ದಿನಾ ನೋಡುತ್ತೇನೆ.

ಸ್ಟೆಂಟ್ ಎಂದರೆ ಕೈ ಮಣಿಕಟ್ಟಿನಿಂದಲೋ ತೊಡೆಯ ಸಂದಿನಿಂದಲೋ ನಳಿಕೆ ಒಯ್ದು, ಕಟ್ಟಿಕೊಂಡ ರಕ್ತನಾಳದೊಳಗೆ ಸಣ್ಣ ಜಾಲರಿ ಕೂರಿಸುವುದು. ಎರಡು ಮೂರು ದಿನದಲ್ಲಿ ಮನೆಗೆ. ಬೈಪಾಸ್ ಹಾಗಲ್ಲ. ಎದೆಯ ನಡುವಿನ ಮೂಳೆ ಸೀಳಿ, ಕಾಲಿನದೋ ಎದೆಯದೋ ನಾಳ ತೆಗೆದು ಬೇರೆ ದಾರಿ ಹೊಲಿಯುತ್ತಾರೆ. ಮೂಳೆಯನ್ನು ತಂತಿಯಿಂದ ಕಟ್ಟುತ್ತಾರೆ. ಅದು ಕೂಡಿಕೊಳ್ಳಲು ಆರರಿಂದ ಹನ್ನೆರಡು ವಾರ ಬೇಕು. ಕೊಡ ಎತ್ತಬೇಡಿ, ಸ್ಕೂಟರ್ ಓಡಿಸಬೇಡಿ ಎಂದು ನಾವು ಹೇಳಿ ಕಳಿಸುತ್ತೇವೆ. ಆದರೆ ಎರಡರಲ್ಲೂ ಆಮೇಲೆ ಬರುವ ಮಂಕು ಇದೆಯಲ್ಲ, ಅದನ್ನು ಮನೆಯವರಿಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ತುಂಬ ಜನರಿಗೆ ಬರುತ್ತದೆ. ಹೆಂಗಸರು ಅತ್ತುಬಿಡುತ್ತಾರೆ. ಗಂಡಸರು ಕ್ಯಾಲೆಂಡರ್ ನೋಡುತ್ತಾರೆ, ನೀವು ಬರೆದ ಹಾಗೆ.

ನನಗೆ ಕೆಲಸದಲ್ಲಿ ಗೊತ್ತಾದ ಒಂದು ವಿಷಯ. ಪೇಷಂಟಿನ ಮುಂದೆ ನಿಂತು, ಮುಖ ನೋಡಿ 'ಹೇಗಿದ್ದೀರಿ ಅಜ್ಜಾ' ಎಂದರೆ ಎಲ್ಲರೂ 'ಆರಾಮ್ ಅದೀನಿ' ಎನ್ನುತ್ತಾರೆ. ನಾನು ಪಕ್ಕಕ್ಕೆ ತಿರುಗಿ ಡ್ರಿಪ್ ಸರಿ ಮಾಡುತ್ತಿರುತ್ತೇನೆ, ಬೆನ್ನು ಅವರ ಕಡೆ ಇರುತ್ತದೆ, ಆಗ ಹಿಂದಿನಿಂದ ಮಾತು ಬರುತ್ತದೆ. "ಸಿಸ್ಟರ್, ರಾತ್ರಿ ಕಣ್ಣು ಮುಚ್ಚಾಕ ಹೆದರಿಕಿ ಆಗತೈತ್ರಿ." ನಾನು ತಿರುಗುವುದಿಲ್ಲ. ತಿರುಗಿದರೆ ಮಾತು ನಿಂತುಹೋಗುತ್ತದೆ. ಡ್ರಿಪ್ ಸರಿಯಾಗಿಯೇ ಇದ್ದರೂ ಅದನ್ನೇ ತಿರುವುತ್ತಾ ನಿಲ್ಲುತ್ತೇನೆ.

ಆ ಇಬ್ಬರಿಗೆ ಗಾಳ ಇದೆ, ನನಗೆ ಡ್ರಿಪ್ ಇದೆ.

ಮಿರ್ಚಿ_ಭಜಿ

ಸಿಸ್ಟರ್, ಇದಕ್ಕೆ ತಮಾಷೆ ಮಾಡಲು ಆಗಲಿಲ್ಲ. ಮನೆಯಲ್ಲಿ ಅಪ್ಪ ಟಿವಿ ಮುಂದೆ ಕೂತಿದ್ದಾರೆ, ಸ್ವಲ್ಪ ಹೋಗಿ ಪಕ್ಕದಲ್ಲಿ ಕೂತು ಬರುತ್ತೇನೆ.

ಹೆಗ್ಗೇರಿ_ಹವಾ

ಹೊಳೆದಂಡಿ ಅಣ್ಣಾ, ಗಾಳದ ವಿಷಯ ಗೊತ್ತಿರುವವರು ನೀವೊಬ್ಬರೇ ಇಲ್ಲಿ. ಆ ನೀರ ಮೇಲೆ ನಿಂತಿರುತ್ತದಲ್ಲ, ಕೆಂಪು ತುದಿಯದು, ಅದನ್ನು ನೋಡುವುದರಲ್ಲಿ ಏನಿದೆ? ಸರಣಿಯಲ್ಲಿ ನನಗೆ ಬೇರೆಲ್ಲಕ್ಕಿಂತ ಅದೇ ಹಿಡಿಸುತ್ತದೆ. ಯಾಕೆ ಎಂದು ಹೇಳಲು ಆಗುತ್ತಿಲ್ಲ.

ಹೊಳೆದಂಡಿ

ಅದು ಬೆಂಡು. ನಾವು ಹುಡುಗರಿದ್ದಾಗ ಒಣಗಿದ ಜೋಳದ ದಂಟು ಸಿಗಿದು, ಒಳಗಿನ ಹಗುರ ತಿರುಳಿನ ತುಂಡು ಕಟ್ಟುತ್ತಿದ್ದೆವು. ಒಂದು ಗಂಟೆಯಲ್ಲಿ ನೀರು ಕುಡಿದು ಭಾರವಾಗಿಬಿಡುತ್ತಿತ್ತು. ಉದುರಿದ ನವಿಲುಗರಿ ಸಿಕ್ಕರೆ ಅದರ ದಂಟು ಎಲ್ಲಕ್ಕಿಂತ ಚಲೋ. ಒಳಗೆ ಹಗುರ, ಹೊರಗೆ ನುಣುಪು, ನೀರು ಹಿಡಿಯುವುದಿಲ್ಲ. ಬಂಕಾಪುರದ ಕೋಟೆಯ ನವಿಲುಗಳ ಹೆಸರು ಕೇಳಿರುತ್ತೀರಿ. ಅಲ್ಲಿ ಸಂಬಂಧಿಕರಿದ್ದ ಹುಡುಗನಿಗೆ ನಮ್ಮಲ್ಲಿ ಭಾರೀ ಬೆಲೆ ಇತ್ತು. ಆಮೇಲೆ ಓದಿ ತಿಳಿದದ್ದು, ಇಂಗ್ಲೆಂಡಿನವರೂ ಹಳೇ ಕಾಲದಿಂದ ನವಿಲುಗರಿಯ ದಂಟನ್ನೇ ಬೆಂಡಿಗೆ ಬಳಸುತ್ತಿದ್ದರಂತೆ.

ಬೆಂಡಿನ ಕೆಳಗೆ ಒಂದು ಚೂರು ಸೀಸ ಕಟ್ಟಬೇಕು. ಜಾಸ್ತಿ ಆದರೆ ಮುಳುಗುತ್ತದೆ, ಕಡಿಮೆ ಆದರೆ ಮಲಗಿಬಿಡುತ್ತದೆ. ತುದಿ ಮಾತ್ರ ಮೇಲೆ ಕಾಣುವ ಹಾಗೆ ನೆಟ್ಟಗೆ ನಿಲ್ಲಬೇಕು. ಆಮೇಲೆ ಅದು ಮಾತಾಡುತ್ತದೆ. ಜಿಲೇಬಿ ಮೀನಾದರೆ ಟಕ ಟಕ ಎಂದು ನಡುಗುತ್ತದೆ, ಎರೆಹುಳುವನ್ನು ಕಚ್ಚಿ ಕಚ್ಚಿ ಬಿಡುತ್ತದೆ. ಆಗ ಎಳೆಯಬಾರದು, ಎಳೆದರೆ ಖಾಲಿ ಮುಳ್ಳು. ದೊಡ್ಡ ಮೀನು ಅವಸರ ಮಾಡುವುದಿಲ್ಲ. ಬೆಂಡು ಒಮ್ಮೆ ಅಲುಗಿ ನಿಲ್ಲುತ್ತದೆ. ನೀವು ಉಸಿರು ಹಿಡಿಯುತ್ತೀರಿ. ಆಮೇಲೆ ಯಾರೋ ಕೆಳಗಿನಿಂದ ಕೈ ಹಿಡಿದು ಕರೆದುಕೊಂಡು ಹೋದ ಹಾಗೆ ಓರೆಯಾಗಿ ಇಳಿಯುತ್ತದೆ. ಆಗ.

ಯಾಕೆ ಹಿಡಿಸುತ್ತದೆ ಎಂದರೆ, ಕೆಳಗೆ ಏನಿದೆ ಎಂದು ಕಾಣುವುದಿಲ್ಲ. ತಂಬಿಗೆಯಷ್ಟು ಜಿಲೇಬಿಯೋ, ಹದಿನೈದು ಕೆಜಿ ಕಾಟ್ಲಾನೋ, ನೀರೊಳಗಿನ ಜಾಲಿ ಟೊಂಗೆಯೋ. ಎತ್ತುವ ತನಕ ಮೂರೂ ಇದೆ.

ಗೋಕುಲ_ರೋಡ್_ಅಕ್ಕ

ಸರಣಿಯಲ್ಲಿ ಈ ಘಳಿಗೆ ಬಂದಾಗ ಗಮನಿಸಿ. ಅಷ್ಟು ಹೊತ್ತು ಬಾಬ್‌ನ ಮಾತಿಗೆಲ್ಲ ನಗುತ್ತಿದ್ದ ಪಾಲ್ ಒಮ್ಮೆಗೇ ಬೇರೆ ಮನುಷ್ಯ. ದಾರ ಸಡಿಲ ಬಿಟ್ಟ ಎಂದು ಬಾಬ್‌ನನ್ನು ಗದರಿಸುತ್ತಾನೆ. ಮೀನು ತಪ್ಪಿಸಿಕೊಂಡರೆ ಬಾಬ್ ಚಿಕ್ಕ ಹುಡುಗನ ಹಾಗೆ ಮುಖ ಮಾಡಿಕೊಳ್ಳುತ್ತಾನೆ. ಐದು ನಿಮಿಷ ಮಾತು ಬಂದ್. ಆಮೇಲೆ ಒಬ್ಬ ಚಹಾ ಕೊಡುತ್ತಾನೆ. ಕ್ಷಮಿಸು ಎನ್ನುವ ಮಾತಿಲ್ಲ. ನನ್ನ ಯಜಮಾನರೂ ಅವರ ತಮ್ಮನೂ ಮಾತು ಬಿಟ್ಟು ನಾಲ್ಕು ವರ್ಷ ಆಗಿತ್ತು. ಅವರ ಮನೆಗೆ ಒಮ್ಮೆ ಒಂದು ಡಬ್ಬಿ ಫೇಡೆ ಕಳಿಸಿ ಎಂದು ಹೇಳಲು ನನಗೆ ಧೈರ್ಯ ಬಂದದ್ದು ಅಂಥ ಒಂದು ಕಂತು ನೋಡಿದಮೇಲೆ. ಕಳಿಸಿದರು. ಖಾಲಿ ಡಬ್ಬಿ ವಾಪಸ್ ಬಂತು, ಒಳಗೆ ಚಕ್ಕುಲಿ ಇತ್ತು. ಅದರ ಬಗ್ಗೆ ಇವತ್ತಿನ ತನಕ ಇಬ್ಬರೂ ಮಾತಾಡಿಲ್ಲ. ಆದರೆ ಹಬ್ಬಕ್ಕೆ ಹೋಗಿ ಬರುತ್ತೇವೆ.

ಸಾಧನಕೇರಿ_ಸಂಜೆ

ಒಂದು ವಾರ ಈ ಕಡೆ ಬರಲಾಗಲಿಲ್ಲ, ಬ್ಯಾಂಕಿನಲ್ಲಿ ಆಡಿಟ್. ಎಲ್ಲರಿಗೂ ಉತ್ತರ ಬರೆಯಬೇಕು, ಆದರೆ ಮೊದಲು ಭಾನುವಾರದ ಸುದ್ದಿ.

ರಾತ್ರಿ_ಪಾಳಿಯವರ ಮಾತು ಓದಿದಮೇಲೆ ನಾನು ಅಪ್ಪನನ್ನು ಹೇಗಿದ್ದೀರಿ ಎಂದು ಕೇಳುವುದು ಬಿಟ್ಟೆ. ಭಾನುವಾರ ಬೆಳಿಗ್ಗೆ ಅಪ್ಪ, ಮಾಸ್ತರ ಕಾಕಾ ಇಬ್ಬರನ್ನೂ ಆಟೋದಲ್ಲಿ ಕೆಲಗೇರಿ ಕೆರೆಗೆ ಕರೆದುಕೊಂಡು ಹೋದೆ. ಬಾಬಣ್ಣ, ಪಾಲಪ್ಪ ಕೂರುವ ಹಾಗೆ ಕೂರಿ ಎಂದು ಎರಡು ಮಡಚುವ ಕುರ್ಚಿ ಒಯ್ದಿದ್ದೆ. ಏರಿಯ ಮೇಲೆ ನಡೆಯುವವರು ನೋಡಿ ನಗುತ್ತಿದ್ದರು. ಸ್ವಲ್ಪ ದೂರದಲ್ಲಿ ಒಬ್ಬ ಹುಡುಗ, ಹನ್ನೆರಡು ಹದಿಮೂರು ವರ್ಷದವನು, ಬಿದಿರು ಕಡ್ಡಿಗೆ ದಾರ ಕಟ್ಟಿಕೊಂಡು ಗಾಳ ಹಾಕಿ ಕೂತಿದ್ದ. ಬೆಂಡಿಗೆ ಚಪ್ಪಲಿಯ ತುಂಡು.

ನಾನು ಹಿಂದೆ ಕಲ್ಲಿನ ಮೇಲೆ ಫೋನ್ ನೋಡುತ್ತಾ ಕೂತೆ, ಅಂದರೆ ನೋಡುವ ಹಾಗೆ ಮಾಡುತ್ತಾ. ಅರ್ಧ ಗಂಟೆ ಇಬ್ಬರೂ ಮಾತಾಡಲೇ ಇಲ್ಲ. ಎದುರು ಕ್ಯಾಲೆಂಡರ್ ಇಲ್ಲ, ನೀರಿದೆ, ಅಷ್ಟೇ ವ್ಯತ್ಯಾಸ ಎಂದುಕೊಂಡೆ. ಇದೂ ಕೆಲಸಕ್ಕೆ ಬರಲಿಲ್ಲ ಎಂದು ಎದ್ದೇಳುವ ಹೊತ್ತಿಗೆ ಅಪ್ಪ ಹೇಳಿದರು.

"ಅವತ್ತ ರಾತ್ರಿ ಭಾಳ ಅಂಜಿದ್ನೋ ನಾ."

ಮಾಸ್ತರ ಕಾಕಾ ಹುಡುಗನ ಬೆಂಡನ್ನೇ ನೋಡುತ್ತಿದ್ದರು. "ನಾನೂ ಅಂಜಿದ್ದೆ. ಮನ್ಯಾಗ ಹೇಳಲಿಲ್ಲ."

"ನಿಂಗ್ಯಾರ್ ಫೋನ್ ಮಾಡಿದ್ರು?"

"ನಿನ್ನ ಮಗ. ಒಂದು ಚಪ್ಪಲಿ ನಂದು, ಒಂದು ನಮ್ಮಾಕೀದು ಹಾಕ್ಕೊಂಡು ಬಂದಿದ್ದೆ."

ನನಗೆ ಈ ಚಪ್ಪಲಿಯ ವಿಷಯ ಗೊತ್ತೇ ಇರಲಿಲ್ಲ. ಆ ರಾತ್ರಿ ಕಾಕಾ ಬೆಳಗಾಗುವ ತನಕ ನನ್ನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಿದ್ದರು. ನಾನು ಅವರ ಕಾಲು ನೋಡಿರಲಿಲ್ಲ. ಅಪ್ಪ ನಗಲು ಶುರು ಮಾಡಿದರು, ಕೆಮ್ಮು ಬರುವಷ್ಟು. ನಾನು ಗಾಬರಿಯಾಗಿ ನೀರಿನ ಬಾಟಲಿ ಹಿಡಿದು ಓಡಿದೆ. ಅಷ್ಟರಲ್ಲಿ ಕಾಕಾ "ಏ ಮುಳುಗಿತು, ಮುಳುಗಿತು, ಎಳಿಯೋ ತಮ್ಮಾ" ಎಂದು ಆ ಹುಡುಗನಿಗೆ ಕೂಗಿದರು. ಹುಡುಗ ಎಳೆದ. ಬಂದದ್ದು ಅಂಗೈಯಷ್ಟು ಜಿಲೇಬಿ. ಅಪ್ಪ ಎದ್ದು ಹೋಗಿ ಅದನ್ನು ಬಗ್ಗಿ ನೋಡಿದರು. ಮುಟ್ಟಲಿಲ್ಲ. ಹುಡುಗ ಅದನ್ನು ಬಿಡಲೂ ಇಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡ.

ವಾಪಸ್ ಬರುವಾಗ ಆಟೋ ಬೇಡ ಎಂದರು. ಏರಿಯ ಮೇಲೆ ಆ ತುದಿಯ ತನಕ ನಡೆದರು, ಇಬ್ಬರೂ, ಕುರ್ಚಿಗಳನ್ನು ನನ್ನ ತಲೆಗೆ ಕಟ್ಟಿ.

ರಾತ್ರಿ_ಪಾಳಿ

ಕೆಮ್ಮು ಬಂದಾಗ ಎದೆಯಲ್ಲಿ ನೋವು ಇರಲಿಲ್ಲ ತಾನೇ? ಇಲ್ಲದಿದ್ದರೆ ಚಿಂತೆ ಬೇಡ. ಮಾತ್ರೆ ಮಾತ್ರ ಯಾವುದನ್ನೂ ತಾವಾಗಿ ನಿಲ್ಲಿಸಬಾರದು. ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟಿರುತ್ತಾರಲ್ಲ, ಅದನ್ನಂತೂ ಬಿಡಲೇಬಾರದು. ಚೆನ್ನಾಗಿದ್ದೇನೆ ಎನ್ನಿಸಿದ ತಕ್ಷಣ ಬಿಡುವವರು ಜಾಸ್ತಿ.

ಆ ಚಪ್ಪಲಿಯ ಮಾತು ವಾರ್ಡಿನಲ್ಲಿ ಎಲ್ಲರಿಗೂ ಹೇಳಿದೆ, ಹೆಸರು ಹೇಳಿಲ್ಲ.

ಸಾಧನಕೇರಿ_ಸಂಜೆ

ನೋವು ಇರಲಿಲ್ಲ ಸಿಸ್ಟರ್. ಮಾತ್ರೆ ಡಬ್ಬಿಯ ಉಸ್ತುವಾರಿ ಅಮ್ಮನದು, ತಪ್ಪುವ ಮಾತೇ ಇಲ್ಲ.

ಹೊಳೆದಂಡಿ ಅಣ್ಣಾ, ಇಬ್ಬರೂ ಈಗ ನಿಜವಾದ ಹೊಳೆ ನೋಡಬೇಕು ಎನ್ನುತ್ತಿದ್ದಾರೆ. ಗಾಳ ಹಾಕಲ್ಲ, ಹಾಕುವವರ ಪಕ್ಕ ಕೂರುತ್ತೇವೆ ಎಂದು. ಕೆರೆಯಲ್ಲಾದರೆ ಗುತ್ತಿಗೆದಾರರು ಬೈಯುತ್ತಾರಂತೆ, ನಿಜಾನಾ?

ಹೊಳೆದಂಡಿ

ಬಹಳ ಕೆರೆಗಳನ್ನು ಮೀನಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಮರಿ ಬಿಟ್ಟವನಿಗೆ ಹೊಟ್ಟೆ ಉರಿಯುವುದು ಸಹಜ. ಹುಡುಗರ ಗಾಳಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ದೊಡ್ಡವರು ಹೋಗಿ ಕೂತರೆ ಕೇಳುತ್ತಾರೆ.

ನೀವು ಗಳಗನಾಥಕ್ಕೆ ಬನ್ನಿ. ವರದಾ ಬಂದು ತುಂಗಭದ್ರೆಗೆ ಕೂಡುವ ಜಾಗ. ಗಳಗೇಶ್ವರನ ಗುಡಿ ದಂಡೆಯ ಮೇಲೇ ಇದೆ, ಕೆಳಗೆ ಅಗಲ, ಮೇಲೆ ಹೋಗುತ್ತಾ ಮೆಟ್ಟಿಲು ಮೆಟ್ಟಿಲಾಗಿ ಕಿರಿದು. ಗುಡಿಯ ನೆರಳಲ್ಲಿ ಕುರ್ಚಿ ಹಾಕಿದರೆ ಎರಡೂ ಹೊಳೆ ಕಾಣುತ್ತವೆ. ಈಗ ಫೆಬ್ರವರಿ, ನೀರು ಇಳಿದಿದೆ, ತಿಳಿಯಾಗಿದೆ. ಇನ್ನೊಂದು ತಿಂಗಳು ಬಿಟ್ಟರೆ ಬಿಸಿಲು ತಡೆಯಲಾಗುವುದಿಲ್ಲ. ಮುಂದಿನ ಭಾನುವಾರ ನಾನು ಊರಿಗೆ ಹೋಗುತ್ತೇನೆ. ಅಪ್ಪನಿಗೆ ಹೇಳಿಡುತ್ತೇನೆ. ಅವನು ಜಾಸ್ತಿ ಮಾತಾಡುವ ಮನುಷ್ಯ ಅಲ್ಲ, ಮೊದಲೇ ಹೇಳಿಬಿಡುತ್ತೇನೆ.

ಊಟ ನೀವೇ ಕಟ್ಟಿಕೊಂಡು ಬನ್ನಿ. ನಮ್ಮ ಮನೆಯ ಊಟ ನಿಮಗೆ ನಡೆಯುವುದಿಲ್ಲ.

ಸಾಧನಕೇರಿ_ಸಂಜೆ

ಅಮ್ಮ ಕೇಳಿ, ಸಜ್ಜೆ ರೊಟ್ಟಿ, ಎಣ್ಣೆ ಕಡಿಮೆ ಹಾಕಿದ ಬದನೆಕಾಯಿ ಪಲ್ಯ ಎಂದು ಈಗಲೇ ನಿರ್ಧಾರ ಮಾಡಿದ್ದಾರೆ. ನಿಮ್ಮ ಅಪ್ಪನಿಗೂ ಸೇರಿಸಿ. ಮಾಸ್ತರ ಕಾಕಾ ಪಾಲಪ್ಪನದರ ಹಾಗಿರುವ ಟೋಪಿ ಹುಡುಕಿ ಹುಬ್ಬಳ್ಳಿಯ ದುರ್ಗದಬೈಲಿನ ತನಕ ಹೋಗಿ ಬಂದರು. ಅಪ್ಪನ ಒಂದು ಪ್ರಶ್ನೆ ಇದೆ, ನಾನು ಬರೆಯಲೇಬೇಕಂತೆ. ಬಾಬಣ್ಣ ಬೀಳುವ ಹಾಗೆ ಬೀಳಲು ಅಲ್ಲಿ ದಂಡೆ ಹೇಗಿದೆ?

ಹೊಳೆದಂಡಿ

ಗುಡಿಯ ಹತ್ತಿರ ಮೆಟ್ಟಿಲಿದೆ, ಅಲ್ಲಿಂದ ಇಳಿಯಲಿ. ಅದರ ಎಡಕ್ಕೆ ಹೋಗಬೇಡಿ, ಎರೆ ಮಣ್ಣು, ಒದ್ದೆಯಾದರೆ ಬೆಣ್ಣೆ ಇದ್ದ ಹಾಗೆ. ಇಬ್ಬರೂ ಗಟ್ಟಿ ಪಟ್ಟಿಯ ಚಪ್ಪಲಿ ಹಾಕಿಕೊಂಡು ಬರಲಿ. ಎರಡೂ ತಮ್ಮದೇ ಆಗಿರಲಿ.